ವಾನಾಕಾದ 193 ಹೆಕ್ಟೇರ್: ದುಡ್ಡಿದ್ದವರು ಓಡೋಕೆ ಜಾಗ ಮಾಡ್ಕೋಬೇಕಾ, ಇರೋ ಜಾಗ ಉಳಿಸ್ಕೋಬೇಕಾ

2011ರ ಜೂನ್ ಕೊನೇಲಿ ನ್ಯೂಜಿಲೆಂಡ್ ಸರ್ಕಾರ ಪೀಟರ್ ಥೀಲ್‌ಗೆ ಪೌರತ್ವ ಕೊಡ್ತು. ಅಲ್ಲಿನ ಮಾಮೂಲಿ ನಿಯಮದ ಪ್ರಕಾರ ಅರ್ಜಿ ಹಾಕೋ ಮುಂಚಿನ ಐದು ವರ್ಷದಲ್ಲಿ ಕಮ್ಮಿ ಅಂದ್ರೂ 1,350 ದಿನ ಆ ದೇಶದಲ್ಲಿ ಇದ್ದಿರಬೇಕು, ಮುಂದೇನೂ ಅಲ್ಲೇ ಇರೋ ಉದ್ದೇಶ ಇರಬೇಕು. ಥೀಲ್ ಇದ್ದಿದ್ದು 12 ದಿನ. ಮುಂದೆ ಬಂದು ನೆಲೆಸ್ತೀನಿ ಅಂತಾನೂ ಅವ್ರು ಹೇಳಿರ್ಲಿಲ್ಲ. ಆದ್ರೂ ಕೊಟ್ರು, ಯಾಕಂದ್ರೆ ಅಲ್ಲಿನ ಪೌರತ್ವ ಕಾನೂನಲ್ಲಿ 'ಅಸಾಧಾರಣ ಸಂದರ್ಭ, ಸಾರ್ವಜನಿಕ ಹಿತ' ಅನ್ನೋ ಒಂದು ಕಿಂಡಿ ಇದೆ, ಮಂತ್ರಿ ಮನಸ್ಸು ಮಾಡಿದ್ರೆ ಅದರಲ್ಲಿ ತೂರಿಸಬಹುದು. ಪ್ರಮಾಣವಚನ ತಗೊಳ್ಳೋಕೂ ಅವ್ರು ಅಲ್ಲಿಗೆ ಹೋಗ್ಲಿಲ್ಲ, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲೇ ಮುಗೀತು.

ಥೀಲ್ ಯಾರು ಅಂತ ಗೊತ್ತಿಲ್ಲದವರಿಗೆ: ಆನ್‌ಲೈನಲ್ಲಿ ದುಡ್ಡು ಕಳಿಸೋ ಪೇಪಾಲ್ ಕಟ್ಟಿದವರಲ್ಲಿ ಒಬ್ರು, ಡೇಟಾ ವಿಶ್ಲೇಷಣೆ ಮಾಡೋ ಪ್ಯಾಲಂಟಿರ್ ಕಂಪನಿ ಶುರು ಮಾಡಿದವರಲ್ಲಿ ಒಬ್ರು, 2004ರಲ್ಲಿ ಫೇಸ್‌ಬುಕ್‌ಗೆ ಹೊರಗಿನವರಾಗಿ ಮೊದಲು ದುಡ್ಡು ಹಾಕಿದವರು. ಈ ಪ್ರಕರಣ ನಾನು ಎತ್ಕೊಂಡಿರೋದು ಅವ್ರನ್ನ ಬೈಯೋಕಲ್ಲ. ಶ್ರೀಮಂತರು ಸಮಾಜ ಕುಸಿದ್ರೆ ಏನು ಮಾಡೋದು ಅಂತ ತಯಾರಿ ಮಾಡ್ಕೊಬೇಕಾ ಇಲ್ಲಾ ಕುಸಿಯದ ಹಾಗೆ ತಡೀಬೇಕಾ ಅನ್ನೋ ಚರ್ಚೆ ಬಂದಾಗೆಲ್ಲ ಜನ ಬಂಕರು, ಹೆಲಿಕಾಪ್ಟರು, ಡಬ್ಬದ ಊಟ ಅಂತ ಸಿನಿಮಾ ತರ ಮಾತಾಡ್ತಾರೆ, ಆದ್ರೆ ಇಲ್ಲಿ ಹತ್ತು ವರ್ಷದ ದಾಖಲೆ ಇದೆ, ಅರ್ಜಿ ಇದೆ, ಜಮೀನಿದೆ, ಕೌನ್ಸಿಲ್ ತೀರ್ಪಿದೆ, ಮಧ್ಯದಲ್ಲಿ ನಿಜವಾದ ಒಂದು ಮಹಾಮಾರಿ ಕೂಡ ಬಂದು ಹೋಯ್ತು. ಹಾಗಾಗಿ ಊಹೆ ಮಾಡ್ಕೊಂಡು ಕೂರಬೇಕಾಗಿಲ್ಲ.

ಪೌರತ್ವ ಯಾಕೆ ಕೊಟ್ರು ಅಂದ್ರೆ ಅರ್ಜಿಯಲ್ಲಿ ಹೂಡಿಕೆ, ದಾನ, ಸಂಪರ್ಕ ಇಷ್ಟನ್ನ ಮುಂದಿಟ್ಟಿದ್ರು. ಅಲ್ಲಿನ ಝೀರೋ ಅನ್ನೋ ಅಕೌಂಟಿಂಗ್ ಸಾಫ್ಟ್‌ವೇರ್ ಕಂಪನಿಗೆ ದುಡ್ಡು ಹಾಕಿದ್ರು. ಅರ್ಜಿ ಹೋಗಿದ್ದು 2011ರ ಜನವರಿಯಲ್ಲಿ, ಮುಂದಿನ ತಿಂಗಳೇ ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪ ಆಗಿ 185 ಜನ ಸತ್ರು, ಅದರ ಪರಿಹಾರ ನಿಧಿಗೆ ಥೀಲ್ 10 ಲಕ್ಷ ನ್ಯೂಜಿಲೆಂಡ್ ಡಾಲರ್ ಕೊಟ್ರು. ಕೊಟ್ಟಿದ್ದು ಒಳ್ಳೇದೇ, ಅದರಲ್ಲಿ ತಪ್ಪೇನಿಲ್ಲ.

ಇಷ್ಟೆಲ್ಲ ಆಗಿದ್ದು ಆರು ವರ್ಷ ಯಾರಿಗೂ ಗೊತ್ತಿರ್ಲಿಲ್ಲ. ಹೊರಗೆ ಬಂದಿದ್ದು ಜಮೀನಿನಿಂದ. 2015ರಲ್ಲಿ ಅವ್ರ ಕಂಪನಿಯೊಂದು ದಕ್ಷಿಣ ದ್ವೀಪದ ವಾನಾಕಾ ಸರೋವರದ ದಂಡೇಲಿ 193 ಹೆಕ್ಟೇರ್ ತಗೊಂಡಿತ್ತು, ವರದಿಯಾದ ಬೆಲೆ 1 ಕೋಟಿ 35 ಲಕ್ಷ ನ್ಯೂಜಿಲೆಂಡ್ ಡಾಲರ್. ಅಂಥ ಸೂಕ್ಷ್ಮ ಜಾಗ ವಿದೇಶಿಯರು ತಗೋಬೇಕಂದ್ರೆ ಅಲ್ಲಿನ ವಿದೇಶಿ ಹೂಡಿಕೆ ಕಚೇರಿ ಅನುಮತಿ ಬೇಕು. ಹಾಗಾದ್ರೆ ಇವ್ರ ಅನುಮತಿ ಪತ್ರ ಎಲ್ಲಿ ಅಂತ ನ್ಯೂಜಿಲೆಂಡ್ ಹೆರಾಲ್ಡ್ ಪತ್ರಿಕೆ ಕೆದಕಿದಾಗ 2017ರ ಜನವರಿಯಲ್ಲಿ ಉತ್ತರ ಬಂತು: ಅನುಮತಿ ಬೇಕಾಗೇ ಇಲ್ಲ, ಅವ್ರು ಇಲ್ಲಿನ ಪ್ರಜೆ. ಆ 12 ದಿನದ ಲೆಕ್ಕ ಹೊರಗೆ ಬರೋಕೆ ಮತ್ತೆ ಜೂನ್ ತನಕ ಕಾಯಬೇಕಾಯ್ತು.

ಜಮೀನು ತಗೊಂಡಿದ್ದು ಪ್ರಳಯಕ್ಕೆ ಅಂತ ಥೀಲ್ ಬಾಯಿಬಿಟ್ಟು ಎಲ್ಲೂ ಹೇಳಿಲ್ಲ ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ, ನ್ಯಾಯ ಅಂದ್ರೆ ನ್ಯಾಯ. ಆ ಮಾತು ಬಂದಿದ್ದು ಅವ್ರ ಸ್ನೇಹಿತರಿಂದ. ಈಗ ಓಪನ್‌ಎಐ ನಡೆಸೋ ಸ್ಯಾಮ್ ಆಲ್ಟ್‌ಮನ್ 2016ರಲ್ಲಿ ಒಂದು ಪತ್ರಿಕೆಗೆ ತನ್ನ ಹತ್ರ ಬಂದೂಕು, ಚಿನ್ನ, ಆಂಟಿಬಯಾಟಿಕ್ಸ್, ಬ್ಯಾಟರಿ, ನೀರು, ಗ್ಯಾಸ್ ಮಾಸ್ಕ್ ಎಲ್ಲ ಇದೆ, ಮಹಾಮಾರಿ ಏನಾದ್ರೂ ಬಂದ್ರೆ ಥೀಲ್ ಜೊತೆ ವಿಮಾನ ಹತ್ತಿ ನ್ಯೂಜಿಲೆಂಡ್‌ನ ಅವ್ರ ಮನೆಗೆ ಹೋಗೋದು ಪ್ಲಾನು ಅಂತ ಹೇಳಿದ್ರು. 2017ರ ಆರಂಭದಲ್ಲಿ ಲಿಂಕ್ಡ್‌ಇನ್‌ನ ರೀಡ್ ಹಾಫ್‌ಮನ್ ಅದೇ ಪತ್ರಿಕೆಗೆ, ಸಿಲಿಕಾನ್ ವ್ಯಾಲಿಯ ಶತಕೋಟ್ಯಧಿಪತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ತರದ ಒಂದಲ್ಲ ಒಂದು ಇನ್ಶೂರೆನ್ಸ್ ಮಾಡ್ಕೊಂಡಿರಬಹುದು ಅಂತ ಅಂದಾಜು ಹೇಳಿದ್ರು. ಅಂದಾಜು ಅಷ್ಟೇ, ಎಣಿಸಿದ್ದಲ್ಲ. ಆದ್ರೆ ಒಳಗಿನವರೇ ಹೇಳಿದ್ದು.

ಆ ದೇಶವೇ ಯಾಕೆ

ಆಯ್ಕೆ ತಪ್ಪೇನಲ್ಲ, ಅದನ್ನ ಒಪ್ಕೋಬೇಕು. 2021ರಲ್ಲಿ ಇಂಗ್ಲೆಂಡಿನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಜಗತ್ತಿನ ವ್ಯವಸ್ಥೆ ಕುಸಿದ್ರೆ ಯಾವ ದೇಶ ತಡ್ಕೊಳ್ಳಬಹುದು ಅಂತ ನೋಡಿ ಮೊದಲು ಹೆಸರಿಸಿದ್ದು ನ್ಯೂಜಿಲೆಂಡನ್ನೇ, ಜೊತೆಗೆ ಐಸ್‌ಲ್ಯಾಂಡ್, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪ ಇದ್ವು. ಕಾರಣ ಸುಲಭ: ದ್ವೀಪ, ಜನ ಸುಮಾರು 50 ಲಕ್ಷ ಅಷ್ಟೇ, ಸ್ವಂತಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಊಟ ಬೆಳೀತಾರೆ, ಕರೆಂಟಿನಲ್ಲಿ ಶೇ. 80ಕ್ಕಿಂತ ಹೆಚ್ಚು ನೀರು, ಗಾಳಿ, ಭೂಶಾಖದಿಂದ ಬರತ್ತೆ.

ಆದ್ರೆ ಇದೇ ಲಿಸ್ಟಿನ ಹಿಂದೆ ಇನ್ನೊಂದು ಲಿಸ್ಟಿದೆ, ಜಮೀನು ತಗೊಳ್ಳೋರು ಅದನ್ನ ಅಷ್ಟಾಗಿ ಓದಲ್ಲ. ರಿಫೈನರಿಯಿಂದ ಆಕ್ಲೆಂಡ್‌ಗೆ ಹೋಗೋ ಇಂಧನ ಪೈಪ್‌ಲೈನಿಗೆ ಹಿಂದೆ ಒಂದು ಅಗೆಯೋ ಯಂತ್ರ ಪೆಟ್ಟು ಮಾಡಿತ್ತು, 2017ರ ಸೆಪ್ಟೆಂಬರ್‌ನಲ್ಲಿ ಅದು ಒಡೆದಿದ್ದಕ್ಕೆ ದೇಶದ ದೊಡ್ಡ ಏರ್‌ಪೋರ್ಟಿನಲ್ಲಿ ವಿಮಾನಕ್ಕೆ ಹಾಕೋಕೆ ಎಣ್ಣೆ ಸಾಲದೆ ಎಷ್ಟೋ ಫ್ಲೈಟು ಕ್ಯಾನ್ಸಲ್ ಆದ್ವು. ಒಂದೇ ಒಂದು ಪೈಪು. ಆ ರಿಫೈನರಿ, ಮಾರ್ಸ್‌ಡೆನ್ ಪಾಯಿಂಟ್ ಅಂತ, ದೇಶಕ್ಕೆ ಇದ್ದಿದ್ದೇ ಅದೊಂದು, ಅದೂ 2022ರಲ್ಲಿ ಎಣ್ಣೆ ಶುದ್ಧ ಮಾಡೋದು ನಿಲ್ಲಿಸ್ತು, ಈಗ ಪೆಟ್ರೋಲು ಡೀಸೆಲ್ಲು ಎಲ್ಲ ಹಡಗಲ್ಲಿ ಹೊರಗಿಂದಲೇ ಬರಬೇಕು. ಇನ್ನು ವಾನಾಕಾ ಇರೋ ದಕ್ಷಿಣ ದ್ವೀಪದ ಬೆನ್ನ ಮೇಲೇ ಆಲ್ಪೈನ್ ಫಾಲ್ಟ್ ಅನ್ನೋ ಭೂಬಿರುಕು ಹಾದು ಹೋಗಿದೆ, ಕೊನೇ ಸಲ ದೊಡ್ಡದಾಗಿ ಅಲುಗಿದ್ದು 1717ರಲ್ಲಿ, ಮುಂದಿನ 50 ವರ್ಷದಲ್ಲಿ ಮತ್ತೆ ಅಲುಗೋ ಸಾಧ್ಯತೆ ಶೇ. 75 ಅಂತ 2021ರಲ್ಲಿ ಪ್ರಕಟವಾದ ಸಂಶೋಧನೆ ಹೇಳತ್ತೆ. ಅಂಥ ಭೂಕಂಪ ಆದ ದಿನ ಅಲ್ಲಿ ಇರೋವ್ರಿಗೆ ಬೇಕಾಗೋದು ರಸ್ತೆ ಸರಿಮಾಡೋ ಇಲಾಖೆ, ಹೆಲಿಕಾಪ್ಟರ್ ಕಳಿಸೋ ಸೇನೆ, ಪಕ್ಕದ ಮನೆಯವರು. ಅಂದ್ರೆ ನಡೀತಾ ಇರೋ ಒಂದು ಸರ್ಕಾರ.

ನನ್ನ ಮಾತು ಇಷ್ಟೇ, ಉಳಿದಿದ್ದೆಲ್ಲ ಇದರ ವಿಸ್ತಾರ: ಶ್ರೀಮಂತರು ಆಸರೆ ಅಂತ ಕೊಂಡ್ಕೊಳ್ಳೋ ಜಾಗ ಬರೀ ಗುಡ್ಡ, ನೀರು, ದೂರ ಅಲ್ಲ. ಗುಡ್ಡ, ನೀರು, ದೂರ ಇರೋ ಜಾಗ ಭೂಮಿ ಮೇಲೆ ಬೇಕಾದಷ್ಟಿವೆ, ಅಗ್ಗಕ್ಕೂ ಸಿಗತ್ತೆ, ಅಲ್ಲಿಗೆ ಯಾರೂ ಹೋಗಲ್ಲ. ಹೋಗೋದು ಲಂಚ ಕಮ್ಮಿ ಇರೋ, ಕೋರ್ಟು ಕೆಲಸ ಮಾಡೋ, ಆಸ್ಪತ್ರೆ ಚೆನ್ನಾಗಿರೋ, ಜಮೀನಿನ ಪತ್ರಕ್ಕೆ ಬೆಲೆ ಇರೋ ಕಡೆಗೆ. ಅಂದ್ರೆ ಇನ್ಯಾರೋ ತೆರಿಗೆ ಕಟ್ಟಿ, ವೋಟು ಹಾಕಿ, ಜಗಳ ಆಡಿ, ಕುಸಿಯದ ಹಾಗೆ ಉಳಿಸ್ಕೊಂಡಿರೋ ಸಮಾಜಕ್ಕೆ. ತಯಾರಿ ಅಂತ ನಾವು ಕರೆಯೋದು ಹೆಚ್ಚು ಕಮ್ಮಿ ಬೇರೆಯವರು ತಡೆದಿಟ್ಟಿದ್ದನ್ನ ರೆಡಿಮೇಡ್ ಕೊಂಡ್ಕೊಳ್ಳೋದು.

ಭೂಮಿ ಒಳಗೆ ಇಳಿಯೋವ್ರ ಕಥೆ ಬೇರೆ ಅಂತ ಯಾರಾದ್ರೂ ಹೇಳಬಹುದು. ಅಮೆರಿಕದ ಕ್ಯಾನ್ಸಸ್‌ನಲ್ಲಿ 1960ರ ದಶಕದ ಅಟ್ಲಾಸ್ ಕ್ಷಿಪಣಿ ಇಡೋ ಗುಂಡಿಯನ್ನ 15 ಅಂತಸ್ತಿನ ಅಪಾರ್ಟ್‌ಮೆಂಟ್ ಮಾಡಿ ಮಾರಿದಾರೆ, ಒಂದು ಪೂರ್ತಿ ಫ್ಲೋರಿಗೆ 30 ಲಕ್ಷ ಡಾಲರ್, ಈಜುಕೊಳ ಕೂಡ ಇದೆ. ಅಲ್ಲಿ ಸಮಸ್ಯೆ ಇನ್ನೂ ಬೇಗ ಬರತ್ತೆ. ಡಗ್ಲಸ್ ರಶ್‌ಕಾಫ್ ಅನ್ನೋ ಲೇಖಕರು 2018ರಲ್ಲಿ ಬರೆದ ಪ್ರಕಾರ ಐದು ಜನ ದೊಡ್ಡ ಸಾಹುಕಾರರು ಅವ್ರನ್ನ ಕರೆಸಿ ಕೇಳಿದ ಪ್ರಶ್ನೆಗಳಲ್ಲಿ ಒಂದು, ಎಲ್ಲ ಕುಸಿದ ಮೇಲೆ ನಮ್ಮ ಕಾವಲುಗಾರರು ನಮ್ಮ ಮಾತು ಕೇಳೋ ಹಾಗೆ ಇಟ್ಕೊಳ್ಳೋದು ಹೇಗೆ ಅನ್ನೋದು. ದುಡ್ಡಿಗೆ ಬೆಲೆ ಇಲ್ದಿದ್ದ ದಿನ ಸಂಬಳ ಅಂದ್ರೆ ಏನು? ಈ ಪ್ರಶ್ನೆಗೆ ಉತ್ತರ ಬಂಕರಿನ ಗೋಡೆ ದಪ್ಪ ಮಾಡಿದ್ರೆ ಸಿಗಲ್ಲ.

ಕೋವಿಡ್ ಬಂದಾಗ

2020ರ ಮಾರ್ಚ್ 19ಕ್ಕೆ ನ್ಯೂಜಿಲೆಂಡ್ ಗಡಿ ಮುಚ್ತು. ಪ್ರಜೆಗಳು, ಅಲ್ಲಿನ ಖಾಯಂ ನಿವಾಸಿಗಳು ಬಿಟ್ರೆ ಮಿಕ್ಕವರಿಗೆ ಪ್ರವೇಶ ಇಲ್ಲ. ಆರು ದಿನ ಆದ್ಮೇಲೆ ಪೂರ್ತಿ ಲಾಕ್‌ಡೌನ್. ಜೂನ್ ಹೊತ್ತಿಗೆ ಸಕ್ರಿಯ ಕೇಸು ಸೊನ್ನೆ, ಆ ವರ್ಷ ಇಡೀ ದೇಶದಲ್ಲಿ ಕೋವಿಡ್‌ನಿಂದ ಸತ್ತವರು 25 ಜನ. ಬೇರೆ ಕಡೆ ಹೆಣ ಸುಡೋಕೆ, ಹೂಳೋಕೆ ಜಾಗ ಸಿಗದೆ ಒದ್ದಾಡ್ತಿದ್ದಾಗ ಅಲ್ಲಿ ಸ್ಟೇಡಿಯಂ ತುಂಬ ಜನ ಕೂತು ರಗ್ಬಿ ನೋಡಿದ್ರು. ಅಂದ್ರೆ 2011ರಲ್ಲಿ ಪೌರತ್ವ ತಗೊಂಡಿದ್ದ ಲೆಕ್ಕಾಚಾರ ಅಕ್ಷರಶಃ ಸರಿಯಾಗೇ ಇತ್ತು, ಅದನ್ನ ಇಲ್ಲ ಅನ್ನೋಕಾಗಲ್ಲ. ನನ್ನ ವಾದಕ್ಕೆ ಇದು ತೊಂದರೆ ಕೊಡೋ ಸಂಗತಿ ಅಂತ ಮೇಲುನೋಟಕ್ಕೆ ಅನ್ಸತ್ತೆ.

ಆದ್ರೆ ಉಳಿಸಿದ್ದು ಏನು ಅಂತ ನೋಡಿ. ಸಮುದ್ರ ಒಂದೇ ಅಲ್ಲ, ಸಮುದ್ರ ಸುತ್ತ ಇರೋ ದೇಶ ಬೇರೆನೂ ಇವೆ. ಸರ್ಕಾರ ಹೇಳಿದ್ದನ್ನ ಜನ ನಂಬಿದ್ರು, ಅಂಗಡಿ ಮುಚ್ಚಿದವರಿಗೆ ಸಂಬಳದ ಸಬ್ಸಿಡಿ ಬಂತು, ಸಂಪರ್ಕ ಪತ್ತೆ ಮಾಡೋ ನರ್ಸುಗಳು ಫೋನ್ ಮಾಡಿದ್ರೆ ಜನ ಎತ್ತಿದ್ರು. ಈ ನಂಬಿಕೆ ಅನ್ನೋದು 193 ಹೆಕ್ಟೇರ್ ಜೊತೆ ಕ್ರಯಪತ್ರದಲ್ಲಿ ಬರೆದುಕೊಡೋ ವಸ್ತು ಅಲ್ಲ.

ಇನ್ನೊಂದು ವಿಷಯ, ಇದು ನನಗೆ ಇಡೀ ಪ್ರಕರಣದಲ್ಲೇ ಬಹಳ ಮುಖ್ಯ ಅನ್ನಿಸಿದ್ದು. ಹೊರಗಿಂದ ಬರೋ ಪ್ರಜೆಗಳು ಸರ್ಕಾರ ಗೊತ್ತುಮಾಡಿದ ಹೋಟೆಲಲ್ಲಿ ಎರಡು ವಾರ ಕ್ವಾರಂಟೈನ್ ಇರಬೇಕಿತ್ತು, ಆ ರೂಮುಗಳು ಸಾಲ್ತಿರ್ಲಿಲ್ಲ, ಆಮೇಲೆ ಆನ್‌ಲೈನ್ ಲಾಟರಿ ತರ ಕ್ಯೂ ಮಾಡಿದ್ರು. ಪಾಸ್‌ಪೋರ್ಟ್ ಕೈಲಿದ್ದ ಸಾವಿರಾರು ಪ್ರಜೆಗಳು, ಹೆರಿಗೆಗೆ ಬರೋವ್ರು, ಸಾಯ್ತಿರೋ ಅಪ್ಪ ಅಮ್ಮನ್ನ ನೋಡೋಕೆ ಬರೋವ್ರು, ತಿಂಗಳುಗಟ್ಟಲೆ ಹೊರಗೇ ಉಳಿದ್ರು. 2022ರ ಏಪ್ರಿಲ್‌ನಲ್ಲಿ ಹೈಕೋರ್ಟು ಆ ಲಾಟರಿ ಪದ್ಧತಿ ಪ್ರಜೆಗಳ ವಾಪಸ್ ಬರೋ ಹಕ್ಕಿಗೆ ಧಕ್ಕೆ ಮಾಡ್ತು ಅಂತ ತೀರ್ಪು ಕೊಡ್ತು. ತೀರ್ಪು ಬಂತು ಸರಿ, ಅಷ್ಟರಲ್ಲಿ ಕಷ್ಟದ ಕಾಲ ಮುಗಿದಿತ್ತು. ಪ್ರಳಯದ ದಿನ ವಿಮಾನ ಹತ್ತಿ ಹೋಗ್ತೀನಿ ಅನ್ನೋ ಪ್ಲಾನಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಇಲ್ಲ, ಯಾಕಂದ್ರೆ ಇದು ಪ್ರಳಯ ಕೂಡ ಅಲ್ಲ, ಒಂದು ಮಧ್ಯಮ ಗಾತ್ರದ ಮಹಾಮಾರಿ, ಅದರಲ್ಲೇ ಪ್ರಜೆಗಳಿಗೆ ಬಾಗಿಲು ತೆಗೆಯೋಕೆ ಆ ದೇಶಕ್ಕೆ ಕಷ್ಟ ಆಯ್ತು. ಬಾಗಿಲು ಯಾವಾಗ ಮುಚ್ಚಬೇಕು ಅಂತ ತೀರ್ಮಾನ ಮಾಡೋರು ಅಲ್ಲಿನ ಜನ, ಟಿಕೆಟ್ ಇಟ್ಕೊಂಡವ್ರಲ್ಲ.

ಎಲ್ರಿಗೂ ಒಂದೇ ತರ ಮುಚ್ಚಿತ್ತಾ ಅಂದ್ರೆ ಅದೂ ಇಲ್ಲ. ಗೂಗಲ್ ಸ್ಥಾಪಕರಲ್ಲಿ ಒಬ್ರಾದ ಲ್ಯಾರಿ ಪೇಜ್ 2021ರ ಜನವರಿಯಲ್ಲಿ ಫಿಜಿಯಿಂದ ಮಗುವಿನ ತುರ್ತು ಚಿಕಿತ್ಸೆಗೆ ಬಂದ್ರು, ಅದು ವೈದ್ಯಕೀಯ ನಿಯಮದ ಪ್ರಕಾರವೇ ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳ್ತು. ಮಗು ವಿಷಯದಲ್ಲಿ ಯಾರೂ ಕೊಂಕು ಮಾತಾಡಬಾರದು, ನಾನೂ ಆಡಲ್ಲ. ಆದ್ರೆ ಅವ್ರು ಹಿಂದಿನ ನವೆಂಬರ್‌ನಲ್ಲೇ ಹಾಕಿದ್ದ ಹೂಡಿಕೆದಾರರ ನಿವಾಸದ ಅರ್ಜಿ, ಅಂದ್ರೆ ಮೂರು ವರ್ಷಕ್ಕೆ 1 ಕೋಟಿ ನ್ಯೂಜಿಲೆಂಡ್ ಡಾಲರ್ ಹೂಡೋ ವರ್ಗದ್ದು, ಬಂದ ಕೆಲವೇ ವಾರದಲ್ಲಿ ಮಂಜೂರಾಯ್ತು. ಅದು ಆಗಸ್ಟ್‌ನಲ್ಲಿ ಗೊತ್ತಾದಾಗ ಹೊರಗೆ ಸಿಕ್ಕಿಹಾಕ್ಕೊಂಡಿದ್ದ ಮಾಮೂಲಿ ಜನಕ್ಕೆ ಎಷ್ಟು ಉರಿದಿರಬೇಡ. ಹೀಗೆ ಒಂದೊಂದು ಸಲ ಉರಿದಾಗಲೂ, ಆಸರೆಗೆ ಬೇಕಾದ ಆ ನಂಬಿಕೆ ಅನ್ನೋದು ಒಂದಿಷ್ಟು ಸವೀತಾ ಹೋಗತ್ತೆ.

ಗಡಿ ಕೊನೆಗೆ ತೆಗೆದಿದ್ದು ಹೇಗೆ? ಲಸಿಕೆಯಿಂದ. ಅದೂ ಮುಖ್ಯವಾಗಿ ಫೈಜರ್, ಹೊರಗೆ ಕಂಡುಹಿಡಿದು ಹೊರಗೆ ತಯಾರಾಗಿ ವಿಮಾನದಲ್ಲಿ ಬಂದಿದ್ದು. ಅತ್ಯಂತ ಸುರಕ್ಷಿತ ದ್ವೀಪ ಕೂಡ ಹೊರಗಿನ ಲ್ಯಾಬು, ಫ್ಯಾಕ್ಟರಿ ನಿಂತಿದ್ರಿಂದಲೇ 2022ರಲ್ಲಿ ಮತ್ತೆ ಬಾಗಿಲು ತೆಗೀತು.

ಇನ್ಶೂರೆನ್ಸ್ ಅನ್ನೋ ವಾದ

ಇದಕ್ಕೆ ಶ್ರೀಮಂತರ ಕಡೆಯಿಂದ ಬರೋ ಉತ್ತರ ಒಂದೇ ಇದೆ, ಗಟ್ಟಿಯಾಗೂ ಇದೆ. ಇದು ಇನ್ಶೂರೆನ್ಸ್ ಸ್ವಾಮಿ, ಮನೆಗೆ ಬೆಂಕಿ ವಿಮೆ ಮಾಡಿಸಿದವನು ಮನೆ ಸುಡಲಿ ಅಂತ ಕಾಯ್ತಾನಾ? ನಮ್ಮ ಆಸ್ತಿಯಲ್ಲಿ ಒಂದು ಚೂರು ಇದಕ್ಕೆ ಹೋಗತ್ತೆ, ಮಿಕ್ಕಿದ್ದರಲ್ಲಿ ತಡೆಯೋ ಕೆಲಸಕ್ಕೂ ಕೊಡ್ತೀವಿ, ಎರಡೂ ಮಾಡಬಹುದಲ್ಲ. ಥೀಲ್ ವಿಷಯದಲ್ಲಿ ಇದು ನಿಜ ಕೂಡ. ಕೃತಕ ಬುದ್ಧಿಮತ್ತೆ ಕೈ ಮೀರಿದ್ರೆ ಏನು ಗತಿ ಅಂತ ಇನ್ನೂ ಯಾರೂ ತಲೆ ಕೆಡಿಸ್ಕೊಳ್ಳದ ಕಾಲದಲ್ಲೇ ಅದರ ಮೇಲೆ ಸಂಶೋಧನೆ ಮಾಡೋ ಸಂಸ್ಥೆಗೆ ದೊಡ್ಡ ದಾನ ಕೊಟ್ಟವರು ಅವ್ರು.

ಬೆಂಕಿ ವಿಮೆಯ ಹೋಲಿಕೆ ಅವ್ರೇ ತಂದಿದ್ದಕ್ಕೆ ಅದರ ಇತಿಹಾಸನೇ ನೋಡೋಣ, ಅಲ್ಲಿ ಉತ್ತರ ಇದೆ. 1666ರ ಮಹಾ ಬೆಂಕಿ ಆದ್ಮೇಲೆ ಲಂಡನ್‌ನಲ್ಲಿ ವಿಮಾ ಕಂಪನಿಗಳು ಹುಟ್ಟಿದ್ವು, ಅವು ಸ್ವಂತ ಅಗ್ನಿಶಾಮಕ ತಂಡ ಇಟ್ಕೊಂಡ್ವು, ತಮ್ಮ ಗಿರಾಕಿ ಮನೆ ಗುರುತಿಗೆ ಗೋಡೆಗೆ ಲೋಹದ ಬಿಲ್ಲೆ ಹೊಡೆದ್ವು. ದುಡ್ಡು ಕಟ್ಟಿದವರಿಗೆ ರಕ್ಷಣೆ, ಸರಳ. ಆದ್ರೆ ಬೆಂಕಿಗೆ ಬಿಲ್ಲೆ ಓದೋಕೆ ಬರಲ್ಲ. ಪಕ್ಕದ ವಿಮೆ ಇಲ್ಲದ ಮನೆ ಉರೀತಾ ಇದ್ರೆ ಬಿಲ್ಲೆ ಇರೋ ಮನೆಗೂ ಹತ್ತತ್ತೆ. 1833ರಲ್ಲಿ ಕಂಪನಿಗಳು ತಂಡಗಳನ್ನ ಒಟ್ಟು ಮಾಡಿದ್ವು. 1861ರಲ್ಲಿ ಟೂಲಿ ಸ್ಟ್ರೀಟ್ ಗೋದಾಮುಗಳಲ್ಲಿ ಬಿದ್ದ ಬೆಂಕೀಲಿ ಆ ತಂಡದ ಮುಖ್ಯಸ್ಥ ಜೇಮ್ಸ್ ಬ್ರೈಡ್‌ವುಡ್ ಗೋಡೆ ಕುಸಿದು ಸತ್ರು, ಕಂಪನಿಗಳಿಗೆ ಬಿದ್ದ ಪರಿಹಾರದ ಹೊರೆ ಹೊರಲಾರದಷ್ಟಾಯ್ತು, ಆಗ ಆ ಕಂಪನಿಗಳೇ ಸರ್ಕಾರದ ಹತ್ರ ಹೋಗಿ ಇದು ನಮ್ಮ ಕೈಲಾಗಲ್ಲ ನೀವೇ ನಡೆಸಿ ಅಂದ್ವು. 1865ರಲ್ಲಿ ಕಾನೂನು ಬಂತು, ಇಡೀ ನಗರಕ್ಕೆ ಸಾರ್ವಜನಿಕ ಅಗ್ನಿಶಾಮಕ ದಳ ಆಯ್ತು. ನೋಡಿ, ಇನ್ಶೂರೆನ್ಸನ್ನ ನಿಜವಾಗ್ಲೂ ಲೆಕ್ಕ ಹಾಕಿ ಮಾಡಿದವರೇ ಕೊನೆಗೆ ಬಂದು ನಿಂತಿದ್ದು ಎಲ್ಲರ ಮನೆ ಬೆಂಕಿ ಆರಿಸೋ ಕಡೆಗೆ. ಧರ್ಮಬುದ್ಧಿ ಬಂದು ಅಲ್ಲ, ನಷ್ಟ ತಾಳಲಾರದೆ.

ಅದೂ ಅಲ್ಲದೆ ವಿಮೆ ಮಾಡಿಸಿದವನು ಅದೇ ಮನೇಲಿ ಇರ್ತಾನೆ. ಇಲ್ಲಿ ಹಾಗಲ್ಲ, ಇನ್ನೊಂದು ಮನೆ ತಗೊಂಡು ಕೀ ಜೇಬಲ್ಲಿ ಇಟ್ಕೊಂಡಿರೋದು. ಆ ಕೀ ಇದ್ರೆ ಮೊದಲನೇ ಮನೆ ಬಗ್ಗೆ ತಗೊಳ್ಳೋ ತೀರ್ಮಾನ ಬದಲಾಗಲ್ವಾ? ಬದಲಾಗತ್ತೆ ಅಂತ ನನಗನ್ಸತ್ತೆ, ಪ್ರೂವ್ ಮಾಡೋಕೆ ಆಗಲ್ಲ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ಇದನ್ನ ಚೆನ್ನಾಗಿ ಹೇಳಿದ್ರು: ಒಂದು ಸಂಸ್ಥೆ ಹಾಳಾಗ್ತಿದ್ರೆ ಜನಕ್ಕೆ ಎರಡು ದಾರಿ, ಬಿಟ್ಟು ಹೋಗೋದು ಅಥವಾ ದನಿ ಎತ್ತೋದು, ಮತ್ತೆ ಗುಣಮಟ್ಟದ ಬಗ್ಗೆ ಹೆಚ್ಚು ತಲೆ ಕೆಡಿಸ್ಕೊಳ್ಳೋರೇ ಮೊದಲು ಹೊರಟುಬಿಟ್ರೆ ಉಳಿದಿದ್ದು ಇನ್ನೂ ಬೇಗ ಹಾಳಾಗತ್ತೆ. ಥೀಲ್‌ಗೆ ದನಿ ಇರ್ಲಿಲ್ವಾ? ಅಮೆರಿಕದ ಚುನಾವಣೆಗಳಿಗೆ ಲಕ್ಷಗಟ್ಟಲೆ ಡಾಲರ್ ಕೊಡೋ ಮನುಷ್ಯ. 2009ರಲ್ಲೇ ಸ್ವಾತಂತ್ರ್ಯ ಮತ್ತು ಪ್ರಜಾಪ್ರಭುತ್ವ ಒಟ್ಟಿಗೆ ಹೋಗತ್ತೆ ಅಂತ ತನಗೆ ಇನ್ನು ನಂಬಿಕೆ ಇಲ್ಲ ಅಂತ ಬರೆದಿದ್ರು, ಅದಕ್ಕೆ ಒಂದು ವರ್ಷ ಮುಂಚೆ ಸಮುದ್ರದ ಮೇಲೆ ತೇಲೋ ಸ್ವತಂತ್ರ ಊರು ಕಟ್ಟೋ ಸಂಸ್ಥೆಗೆ 5 ಲಕ್ಷ ಡಾಲರ್ ಕೊಟ್ಟಿದ್ರು. ಹಾಗೆ ಬರೆದ ಎರಡೇ ವರ್ಷಕ್ಕೆ ಹೋಗಿ ಪೌರತ್ವ ಕೇಳಿದ್ದು, 1893ರಲ್ಲೇ ಹೆಂಗಸರಿಗೆ ವೋಟು ಕೊಟ್ಟ, ಜಗತ್ತಿನ ಹಳೇ ಗಟ್ಟಿ ಪ್ರಜಾಪ್ರಭುತ್ವಗಳಲ್ಲಿ ಒಂದಾದ ದೇಶದ ಹತ್ರ. ನಗು ಬರತ್ತೆ, ಆದ್ರೆ ಪಾಠನೂ ಅದೇ.

ತಡೆಯೋ ಕೆಲಸ ಹೇಗಿರತ್ತೆ

ಥೀಲ್ ಪೌರತ್ವದ ಸುದ್ದಿ ಬಂದ ಅದೇ 2017ರ ಜನವರಿಯಲ್ಲಿ ದಾವೋಸ್‌ನಲ್ಲಿ ಸೆಪಿ ಅನ್ನೋ ಒಕ್ಕೂಟ ಶುರು ಆಯ್ತು, ಮುಂದಿನ ಮಹಾಮಾರಿಗೆ ಲಸಿಕೆ ತಯಾರಿ ಮಾಡಿಡೋಕೆ. ಪಶ್ಚಿಮ ಆಫ್ರಿಕಾದ ಎಬೋಲಾದಲ್ಲಿ 11,000ಕ್ಕಿಂತ ಹೆಚ್ಚು ಜನ ಸತ್ತಿದ್ರು, ಲಸಿಕೆ ಲ್ಯಾಬಲ್ಲಿ ಇದ್ರೂ ಹೊತ್ತಿಗೆ ಸಿಕ್ಕಿರ್ಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಮತ್ತೆ ಆಗಬಾರದು ಅಂತ ನಾರ್ವೆ, ಜರ್ಮನಿ, ಜಪಾನ್ ಸರ್ಕಾರಗಳ ಜೊತೆ ಗೇಟ್ಸ್ ಫೌಂಡೇಶನ್, ವೆಲ್‌ಕಮ್ ಟ್ರಸ್ಟ್ ಸೇರಿ 46 ಕೋಟಿ ಡಾಲರ್ ಹಾಕಿದ್ರು, ಭಾರತ ಸರ್ಕಾರ ಕೂಡ ಸ್ಥಾಪಕರಲ್ಲಿ ಇತ್ತು. ವೆಲ್‌ಕಮ್ ಅಂದ್ರೆ ಔಷಧಿ ವ್ಯಾಪಾರಿ ಹೆನ್ರಿ ವೆಲ್‌ಕಮ್ ಸತ್ತಾಗ ಬಿಟ್ಟುಹೋದ ಆಸ್ತಿ. ಮೂರು ವರ್ಷ ಆದ್ಮೇಲೆ, 2020ರ ಜನವರಿ 23ಕ್ಕೆ, ಕೊರೊನಾ ವೈರಸ್‌ನ ಜೀನ್ ವಿವರ ಪ್ರಕಟ ಆಗಿ ಎರಡು ವಾರ ಕೂಡ ಆಗಿರ್ಲಿಲ್ಲ, ಸೆಪಿ ಮಾಡರ್ನಾ ಸೇರಿ ಮೂರು ಲಸಿಕೆ ಪ್ರಯತ್ನಕ್ಕೆ ದುಡ್ಡು ಘೋಷಿಸಿತ್ತು.

ಅಂದ್ರೆ ತಡೆಯೋಕೆ ಹಾಕಿದ ದುಡ್ಡು ಸುಮ್ನೆ ಪುಣ್ಯಕ್ಕೆ ಹೋದ ದುಡ್ಡಲ್ಲ, ಅದಕ್ಕೂ ಫಲ ಇದೆ, ಫಲ ಎಲ್ಲರಿಗೂ ಹೋಗತ್ತೆ ಅಷ್ಟೇ. ತೊಡಕು ಇರೋದೂ ಅಲ್ಲೇ. ಜಮೀನು ತಗೊಂಡ್ರೆ ಫಲ ನನ್ನೊಬ್ಬನಿಗೆ, ಪತ್ರ ಕೈಲಿರತ್ತೆ, ರಾತ್ರಿ ನಿದ್ದೆ ಬರತ್ತೆ. ತಡೆದ ಅನಾಹುತಕ್ಕೆ ಪತ್ರ ಇಲ್ಲ, ಆಗದೇ ಇದ್ದ ಘಟನೆಗೆ ಯಾರೂ ಹಾರ ಹಾಕಲ್ಲ.

ಇದನ್ನ ಹೇಳಿ ತಡೆಯೋವ್ರೆಲ್ಲ ದೇವರು ಅನ್ನೋಕೆ ಹೊರಟಿಲ್ಲ. ಅದೇ ಕೋವಿಡ್‌ನಲ್ಲಿ ಸೆಪಿ ಕೂಡ ಪಾಲುದಾರ ಆಗಿದ್ದ, ಬಡ ದೇಶಗಳಿಗೂ ಲಸಿಕೆ ಮುಟ್ಟಿಸೋ ಕೋವ್ಯಾಕ್ಸ್ ಅನ್ನೋ ಜಾಗತಿಕ ಯೋಜನೆ 2021ರ ಕೊನೆಗೆ 200 ಕೋಟಿ ಡೋಸ್ ಹಂಚೋ ಗುರಿ ಇಟ್ಕೊಂಡಿತ್ತು, 100 ಕೋಟಿಯ ಗೆರೆ ದಾಟಿದ್ದೇ 2022ರ ಜನವರಿಯಲ್ಲಿ, ಯಾಕಂದ್ರೆ ಶ್ರೀಮಂತ ದೇಶಗಳು ಮೊದಲೇ ತಮ್ಮ ಜನಸಂಖ್ಯೆಗಿಂತ ಹೆಚ್ಚು ಬುಕ್ ಮಾಡಿ ಕೂತಿದ್ವು. ಬಂಕರ್ ಬುದ್ಧಿ ಅನ್ನೋದು ವ್ಯಕ್ತಿಗೆ ಮಾತ್ರ ಇರತ್ತೆ ಅಂತ ಯಾರು ಹೇಳಿದ್ರು, ಸರ್ಕಾರಗಳಿಗೂ ಇತ್ತು. ಇನ್ನು ಸಾಹುಕಾರರೇ ತಡೆಯೋಕೆ ಹೊರಟರೆ ಅವ್ರನ್ನ ಕೇಳೋರು ಯಾರು ಅನ್ನೋ ಪ್ರಶ್ನೆ. 1907ರಲ್ಲಿ ನ್ಯೂಯಾರ್ಕ್ ಬ್ಯಾಂಕುಗಳು ಒಂದಾದ ಮೇಲೆ ಒಂದು ಕುಸೀತಿದ್ದಾಗ ಜೆ. ಪಿ. ಮಾರ್ಗನ್ ಬ್ಯಾಂಕರುಗಳನ್ನ ತನ್ನ ಲೈಬ್ರರೀಲಿ ಕೂಡಿ ಹಾಕಿ ಬೀಗ ಜಡಿದು ದುಡ್ಡು ಹೊಂದಿಸಿ ನಿಲ್ಲಿಸಿದ್ರು. ನಿಲ್ತು, ಒಪ್ಪೋಣ. ಆದ್ರೆ ಒಬ್ಬ ಮುದುಕನ ಮರ್ಜಿ ಮೇಲೆ ದೇಶದ ಬ್ಯಾಂಕು ನಿಂತಿದೆ ಅಂತ ಗೊತ್ತಾದಾಗ ಜನಕ್ಕೆ ಇನ್ನೂ ಭಯ ಆಯ್ತು, 1913ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ವ್ಯವಸ್ಥೆ ಬಂದಿದ್ದರ ಹಿಂದೆ ಆ ಭಯನೂ ಇತ್ತು. ಶ್ರೀಮಂತರ ದುಡ್ಡು ತಡೆಯೋ ಕೆಲಸಕ್ಕೆ ಬರಲಿ, ಆದ್ರೆ ಲೆಕ್ಕ ಕೇಳೋ ಸಂಸ್ಥೆ ಮೂಲಕ ಬರಲಿ, ತೆರಿಗೆಯಾಗಿ ಬಂದ್ರೆ ಇನ್ನೂ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಸಣ್ಣ ತಯಾರಿ ಬೇರೆ ಮಾತು. ಮನೇಲಿ ಕೆಲವು ದಿನದ ನೀರು, ಊಟ, ಔಷಧಿ ಇಟ್ಕೊಳ್ಳಿ ಅಂತ ಎಷ್ಟೋ ಸರ್ಕಾರಗಳೇ ಹೇಳತ್ವೆ. ಹಾಗೆ ಇಟ್ಕೊಂಡವನು ಮೊದಲ ದಿನ ಸಹಾಯದ ಕ್ಯೂನಲ್ಲಿ ನಿಲ್ಲಲ್ಲ, ಅದು ಬೇರೆಯವರಿಗೂ ಲಾಭ. ಎಲ್ರೂ ಮಾಡಿದ್ರೆ ಸಮಾಜ ಗಟ್ಟಿ ಆಗತ್ತೆ. ಎಲ್ರೂ ನ್ಯೂಜಿಲೆಂಡಿಗೆ ಹೋದ್ರೆ ನ್ಯೂಜಿಲೆಂಡ್ ಮುಳುಗತ್ತೆ, ವ್ಯತ್ಯಾಸ ಅಷ್ಟು ಸಿಂಪಲ್.

ಲಾಡ್ಜ್ ಅರ್ಜಿ ಏನಾಯ್ತು

ಇಷ್ಟೆಲ್ಲದರ ನಡುವೆ ಆ 193 ಹೆಕ್ಟೇರ್ ಖಾಲಿಯಾಗೇ ಇತ್ತು. 2021ರಲ್ಲಿ ಥೀಲ್ ಕಂಪನಿ ಅಲ್ಲಿ ಲಾಡ್ಜ್ ಕಟ್ಟೋಕೆ ಕ್ವೀನ್ಸ್‌ಟೌನ್ ಲೇಕ್ಸ್ ಜಿಲ್ಲಾ ಕೌನ್ಸಿಲ್ ಮುಂದೆ ಅರ್ಜಿ ಹಾಕ್ತು. ಡಿಸೈನು ಟೋಕಿಯೋ ಒಲಿಂಪಿಕ್ ಸ್ಟೇಡಿಯಂ ಮಾಡಿದ ಕೆಂಗೊ ಕುಮಾ ಸಂಸ್ಥೆಯದ್ದು. ಸುಮಾರು 330 ಮೀಟರ್ ಉದ್ದ, 24 ಅತಿಥಿಗಳು, ಮಾಲೀಕರಿಗೆ ಬೇರೆ ಮನೆ, ಧ್ಯಾನಕ್ಕೆ ಜಾಗ, ಗುಡ್ಡದ ಇಳಿಜಾರಲ್ಲಿ ಅರ್ಧ ಹುದುಗಿದ ಹಾಗೆ, ಮೇಲೆ ಹುಲ್ಲಿನ ಚಾವಣಿ. ಕಾಗದದ ಮೇಲೆ ಬಂಕರ್ ಅಲ್ಲ, ಐಷಾರಾಮಿ ವಸತಿ. ಅಲ್ಲಿನ ಅಪ್ಪರ್ ಕ್ಲೂತಾ ಪರಿಸರ ಸಂಘ ವಿರೋಧ ಮಾಡ್ತು, ಬೇರೆಯವರೂ ಆಕ್ಷೇಪ ಕೊಟ್ರು, ವಿಚಾರಣೆ ಆಯ್ತು, 2022ರ ಆಗಸ್ಟ್‌ನಲ್ಲಿ ಸ್ವತಂತ್ರ ಕಮಿಷನರುಗಳು ಅರ್ಜಿ ತಿರಸ್ಕರಿಸಿದ್ರು. ಕಾರಣ ಯಾರ ಹೆಸರೂ ಅಲ್ಲ, ಯಾರ ರಾಜಕೀಯವೂ ಅಲ್ಲ: ಜಿಲ್ಲಾ ಯೋಜನೇಲಿ ವಿಶೇಷ ನೈಸರ್ಗಿಕ ಭೂದೃಶ್ಯ ಅಂತ ಗುರುತಿಸಿದ ಜಾಗ, ಕಟ್ಟಡ ಬಂದ್ರೆ ಆ ನೋಟ ಕೆಡತ್ತೆ, ಅಷ್ಟೇ.

ಇಡೀ ಪ್ರಕರಣದ ಗಂಟು ಇಲ್ಲಿದೆ ಅಂತ ನನಗನ್ಸೋದು. ಶತಕೋಟ್ಯಧಿಪತಿ ಅರ್ಜಿಯನ್ನ ಒಂದು ಜಿಲ್ಲಾ ಕೌನ್ಸಿಲ್ ಗುಡ್ಡದ ನೋಟಕ್ಕೋಸ್ಕರ ಇಲ್ಲ ಅನ್ನಬಹುದಾದ ದೇಶ ಆಗಿರೋದಕ್ಕೇ ಅದು ಆಸರೆ ಅನ್ನಿಸಿಕೊಂಡಿರೋದು. ಕೌನ್ಸಿಲ್ ಹೂಂ ಅನ್ನೋಕೆ ದುಡ್ಡು ಸಾಕು ಅನ್ನೋ ಕಡೆ ನಾಳೆ ಇನ್ನೂ ಹೆಚ್ಚು ದುಡ್ಡು ತಂದವನು ನಿಮ್ಮ ಜಮೀನನ್ನೇ ಬರೆಸ್ಕೊಂಡು ಹೋಗ್ತಾನೆ. ಆ ನಿಯಮ ಗಟ್ಟಿ ಇರಲಿ ಅನ್ನೋರು ನಿಯಮ ತಮಗೂ ಅನ್ವಯ ಅನ್ನೋದನ್ನ ಒಪ್ಪಬೇಕು, 12 ದಿನಕ್ಕೆ ಪೌರತ್ವ ಕೊಟ್ಟಾಗ ಆ ದೇಶ ತನ್ನ ನಿಯಮ ತಾನೇ ಸ್ವಲ್ಪ ಸಡಿಲ ಮಾಡ್ಕೊಂಡಿತ್ತು, ಜನ ಸಿಟ್ಟಾಗಿದ್ದು ಅದಕ್ಕೇ. ಹೊರಗಿನವರು ಮನೆ ಕೊಳ್ಳೋದರ ಬಗ್ಗೆ ವರ್ಷಗಟ್ಟಲೆ ಇದ್ದ ಅಸಮಾಧಾನ ಕೊನೆಗೆ 2018ರ ಕಾನೂನಾಯ್ತು, ಆಸ್ಟ್ರೇಲಿಯಾ, ಸಿಂಗಾಪುರದವರು ಬಿಟ್ಟು ಬೇರೆ ದೇಶದಲ್ಲಿರೋ ವಿದೇಶಿಯರು ಅಲ್ಲಿ ಕಟ್ಟಿದ ಮನೆ ಕೊಳ್ಳೋ ಹಾಗಿಲ್ಲ ಅಂತ.

ಲಾಡ್ಜ್ ಅರ್ಜಿ ಬಿದ್ದುಹೋದ ಎರಡು ತಿಂಗಳಿಗೆ, 2022ರ ಅಕ್ಟೋಬರ್‌ನಲ್ಲಿ, ಥೀಲ್ ಮಾಲ್ಟಾ ಪೌರತ್ವಕ್ಕೆ ಅರ್ಜಿ ಹಾಕಿದಾರೆ ಅಂತ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡ್ತು. ಮಾಲ್ಟಾ ಆಗ ಹೂಡಿಕೆ ಮಾಡಿದವರಿಗೆ ಪಾಸ್‌ಪೋರ್ಟ್ ಕೊಡೋ ಯೋಜನೆ ನಡೆಸ್ತಿತ್ತು. 2025ರ ಏಪ್ರಿಲ್ 29ಕ್ಕೆ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಆ ಯೋಜನೆ ಒಕ್ಕೂಟದ ಕಾನೂನಿಗೆ ವಿರುದ್ಧ, ಪೌರತ್ವ ಅನ್ನೋದು ವ್ಯಾಪಾರದ ಸರಕಲ್ಲ ಅಂತ ತೀರ್ಪು ಕೊಡ್ತು.